ಸ್ಕ್ರೂಡ್ರೈವರ್ ಯಾರ ಕೈಯಲ್ಲಿದೆ?

ಲಗೋರಿಗೂ ಒಂದು ಅಂತಾರಾಷ್ಟ್ರೀಯ ನಿಯಮಾವಳಿ ಬಂದಿತ್ತು ಎಂದರೆ ನಂಬುವುದು ಕಷ್ಟ. 2022ರಲ್ಲಿ ಭಾರತ ಆತಿಥ್ಯ ವಹಿಸಿದ್ದ ಎಬಿಯು ರೋಬೋಕಾನ್ ಸ್ಪರ್ಧೆಯ ವಿಷಯ ಲಗೋರಿಯೇ ಆಗಿತ್ತು. ಏಷ್ಯಾ ಮತ್ತು ಪೆಸಿಫಿಕ್ ವಲಯದ ಪ್ರಸಾರ ಸಂಸ್ಥೆಗಳ ಒಕ್ಕೂಟ 2002ರಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿರುವ ಸ್ಪರ್ಧೆ ಇದು. ಯಾವ ಆಟ ಎಂಬುದನ್ನು ಆತಿಥೇಯ ದೇಶ ಗೊತ್ತುಮಾಡುತ್ತದೆ. 2008ರಲ್ಲಿ ಪುಣೆಯಲ್ಲಿ ನಡೆದಾಗ ಮೊಸರು ಗಡಿಗೆಯ ಗೋವಿಂದರ ಆಟ ವಿಷಯವಾಗಿತ್ತು. ಲಗೋರಿಯ ವರ್ಷದಲ್ಲಿ ವಿದ್ಯಾರ್ಥಿಗಳು ಕಟ್ಟಿದ ರೋಬೋಗಳು ಚೆಂಡು ಎಸೆದು ಬಿಲ್ಲೆಗಳ ಗೋಪುರ ಕೆಡವಬೇಕಿತ್ತು, ಮತ್ತೆ ಒಂದರ ಮೇಲೊಂದು ಜೋಡಿಸಬೇಕಿತ್ತು. ಎದುರಾಳಿ ರೋಬೋ ಚೆಂಡು ಎಸೆದು ಅದನ್ನು ತಡೆಯಬೇಕಿತ್ತು.

ಬೀದಿಯಲ್ಲಿ ಲಗೋರಿ ಆಡುವ ಮಗು ಗುರಿ ಇಡುವುದನ್ನು ಕಲಿಯಲೆಂದು ಆಡುವುದಿಲ್ಲ. ಆಡುತ್ತದೆ, ಗುರಿ ತಾನಾಗಿ ಕೂಡುತ್ತದೆ. ರೋಬೋಗೆ ಲಗೋರಿ ಕಲಿಸುವ ವಿದ್ಯಾರ್ಥಿಯ ಕಥೆ ಬೇರೆ. ಅವಳನ್ನು ಆಟಕ್ಕೆ ಇಳಿಸಿದವರಿಗೆ ಒಂದು ಉದ್ದೇಶವಿದೆ. ಮೋಟಾರು, ಗೇರು, ಸೆನ್ಸರ್, ಪ್ರೋಗ್ರಾಮ್ ಇವೆಲ್ಲ ಅವಳ ಕೈಗೆ ಹತ್ತಬೇಕು ಎಂಬುದು ಅವರ ಬಯಕೆ. ಅದಕ್ಕೆ ಬಳಸುವ ಸಾಧನ, ಇನ್ನೊಬ್ಬರನ್ನು ಸೋಲಿಸಬೇಕೆಂಬ ಆಸೆ. ಹೀಗೆ ಒಂದು ಆಸೆಯನ್ನು ಕೆಣಕಿ ಇನ್ನೊಂದು ಗುಣವನ್ನು ಬೆಳೆಸುವುದು ಸರಿಯೆ? ಎಷ್ಟರ ಮಟ್ಟಿಗೆ ಸರಿ? ಇದು ಎಂಜಿನಿಯರಿಂಗ್ ಪ್ರಶ್ನೆಯಂತೆ ಕಂಡರೂ ನೀತಿಯ ಪ್ರಶ್ನೆ.

ಮೊದಲು ಸ್ಪರ್ಧೆಯ ಪರವಾದ ವಾದವನ್ನು ನ್ಯಾಯವಾಗಿ ಮಂಡಿಸೋಣ. ನಮ್ಮ ಪ್ರಯೋಗಾಲಯಗಳಲ್ಲಿ ನಡೆಯುವ ಬಹುತೇಕ ಪ್ರಯೋಗಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ಅಂಕಿಗಳೂ ಇರುತ್ತವೆ. ಅಲ್ಲಿ ತಪ್ಪು ಮಾಡಲು ಜಾಗವಿಲ್ಲ, ಹಾಗಾಗಿ ಕಲಿಯಲೂ ಜಾಗ ಕಡಿಮೆ. ಮಾಡಿ ಕಲಿಯಬೇಕಾದುದನ್ನು ಮಾಡಿಯೇ ಕಲಿಯಬೇಕು ಎಂಬ ಮಾತು ಅರಿಸ್ಟಾಟಲನಷ್ಟು ಹಳೆಯದು. ನೀರಿಗಿಳಿಯದೆ ಈಜು ಬಾರದು ಎಂದು ನಮ್ಮವರೂ ಅದನ್ನೇ ಹೇಳಿದರು. ಆದರೆ ನೀರಿಗಿಳಿಸುವುದು ಹೇಗೆ?

1970ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ವುಡಿ ಫ್ಲವರ್ಸ್ ಎಂಬ ಪ್ರಾಧ್ಯಾಪಕರು ಇದಕ್ಕೊಂದು ದಾರಿ ಕಂಡುಕೊಂಡರು. ಯಂತ್ರವಿನ್ಯಾಸದ ತರಗತಿಯ ಪ್ರತಿ ವಿದ್ಯಾರ್ಥಿಗೂ ಚಿಲ್ಲರೆ ಸಾಮಾನುಗಳ ಒಂದೇ ಬಗೆಯ ಪೆಟ್ಟಿಗೆ, ಒಂದೇ ಸಮಸ್ಯೆ. ಅಷ್ಟರಲ್ಲೇ ಒಂದು ಯಂತ್ರ ಕಟ್ಟಬೇಕು. ಸೆಮಿಸ್ಟರಿನ ಕೊನೆಗೆ ಯಂತ್ರಗಳು ಪರಸ್ಪರ ಸೆಣಸಬೇಕು. ನೋಡಲು ಜನ ಕಿಕ್ಕಿರಿದು ಸೇರತೊಡಗಿದರು. ಇದೇ ಬೀಜದಿಂದ ಮುಂದೆ ಹಲವು ಗಿಡಗಳು ಎದ್ದವು. 1989ರಲ್ಲಿ ಡೀನ್ ಕೇಮನ್ ಸ್ಥಾಪಿಸಿದ 'ಫಸ್ಟ್' ಸಂಸ್ಥೆಗೆ ಫ್ಲವರ್ಸ್ ಹೆಗಲು ಕೊಟ್ಟರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಒಂದು ಹೈಸ್ಕೂಲಿನ ಜಿಮ್ನೇಷಿಯಮ್ಮಿನಲ್ಲಿ 28 ತಂಡಗಳೊಂದಿಗೆ ಅದರ ಮೊದಲ ಸ್ಪರ್ಧೆ ನಡೆಯಿತು. ಜಪಾನಿನಲ್ಲಿ ಮಸಾಹಿರೊ ಮೋರಿಯಂಥವರು ಹಾಕಿದ ಅಡಿಪಾಯದ ಮೇಲೆ 1988ರಲ್ಲಿ ತಾಂತ್ರಿಕ ಕಾಲೇಜುಗಳ ರೋಬೋಕಾನ್ ಶುರುವಾಯಿತು. ಎಬಿಯು ರೋಬೋಕಾನ್ ಅದೇ ಬಳಗದ್ದು.

ಪಾಠ ಮಾಡುವವರಿಗೆ ಸಾಧ್ಯವಾಗದ ಯಾವುದನ್ನು ಸ್ಪರ್ಧೆ ಸಾಧಿಸುತ್ತದೆ? ಅದು ವಿದ್ಯಾರ್ಥಿಯನ್ನು ವಸ್ತುವಿನ ಎದುರು ನಿಲ್ಲಿಸುತ್ತದೆ. ಕಾಗದದ ಮೇಲೆ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿಯ ಒತ್ತಡ 11.1 ವೋಲ್ಟ್. ತುಂಬಿ ಚಾರ್ಜ್ ಆದಾಗ ಅದು 12.6. ಬೆಳಿಗ್ಗೆ ತುಂಬಿದ ಬ್ಯಾಟರಿಯಲ್ಲಿ ಸರಿಯಾಗಿ ತಿರುಗಿದ ರೋಬೋ ಮಧ್ಯಾಹ್ನ ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಗುರಿಗಿಂತ ಮೊದಲೇ ನಿಂತುಬಿಡುತ್ತದೆ. ಮೋಟಾರು ಯಾವುದಕ್ಕೋ ಸಿಕ್ಕಿಕೊಂಡು ಒಮ್ಮೆಲೇ ಹೆಚ್ಚು ಕರೆಂಟು ಎಳೆದರೆ ಒತ್ತಡ ಕುಸಿದು ಮೈಕ್ರೊಕಂಟ್ರೋಲರ್ ತಾನಾಗಿ ಮರುಚಾಲನೆಗೊಳ್ಳುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತ ಎರಡು ರಾತ್ರಿ ಕಳೆಯುತ್ತವೆ, ತಪ್ಪು ಇರುವುದು ವೈರಿಂಗಿನಲ್ಲಿ. ಚಕ್ರದ ತಿರುಗು ಎಣಿಸುವ ಎನ್‌ಕೋಡರ್ ಚಕ್ರ ಜಾರಿದ್ದನ್ನು ಅರಿಯದು. ಅದು ಒಂದು ಮೀಟರ್ ಎಂದು ಹೇಳುವಾಗ ರೋಬೋ ನಡೆದಿರುವುದು ಅದಕ್ಕಿಂತ ಕಡಿಮೆ. ಕಾಲೇಜಿನ ಕೋಣೆಯಲ್ಲಿ ಕೆಂಪನ್ನು ಕೆಂಪೆಂದೇ ಗುರುತಿಸುತ್ತಿದ್ದ ಕ್ಯಾಮೆರಾ ಸ್ಪರ್ಧಾಂಗಣದ ಝಗಮಗ ದೀಪದಡಿ ಕಿತ್ತಳೆಯನ್ನೂ ಕೆಂಪೆನ್ನುತ್ತದೆ.

ಇವುಗಳಲ್ಲಿ ಯಾವುದೂ ಪಠ್ಯಪುಸ್ತಕಕ್ಕೆ ವಿರುದ್ಧವಲ್ಲ. ಪಠ್ಯದಲ್ಲಿ ಇವಕ್ಕೆಲ್ಲ ಒಂದೊಂದು ಸಾಲು ಇದ್ದೇ ಇರುತ್ತದೆ. ಆ ಸಾಲು ತನ್ನ ರೋಬೋಗೂ ಅನ್ವಯಿಸುತ್ತದೆ ಎಂದು ಅರಿವಾಗುವುದು ಮಾತ್ರ ಅದು ನಿಂತುಹೋದಾಗ. ವಸ್ತುವಿನ ಹತ್ತಿರ ವಶೀಲಿ ನಡೆಯುವುದಿಲ್ಲ, ಚೆನ್ನಾಗಿ ಮಾತಾಡಿ ಅದನ್ನು ಒಪ್ಪಿಸಲಾಗುವುದಿಲ್ಲ, ಹಾಜರಾತಿ ತೋರಿಸಿ ಅಂಕ ಪಡೆಯಲಾಗುವುದಿಲ್ಲ. ಈ ಅರ್ಥದಲ್ಲಿ ರೋಬೋ ಸ್ಪರ್ಧೆಯ ನಿಜವಾದ ಎದುರಾಳಿ ಆಚೆ ಬದಿಯ ತಂಡವಲ್ಲ. ಘರ್ಷಣೆ, ಶಾಖ, ಸಡಿಲ ಕನೆಕ್ಟರ್. ಆಚೆಯ ತಂಡ ಒಂದು ನೆವ. ಒಂದು ಗೊತ್ತಾದ ದಿನ, ಗೊತ್ತಾದ ಗಳಿಗೆಯಲ್ಲಿ ಕೆಲಸ ಮುಗಿದಿರಲೇಬೇಕು ಎಂಬ ಒತ್ತಾಯ ಹುಟ್ಟಲು ಆ ನೆವ ಬೇಕು.

ನೆವವೇ ಗುರಿಯಾದರೆ ಏನಾಗುತ್ತದೆ ಎಂಬುದನ್ನು ತೋರಿಸಲು ತತ್ತ್ವಜ್ಞಾನಿ ಅಲಸ್ಡೇರ್ ಮೆಕಿಂಟೈರ್ 1981ರ 'ಆಫ್ಟರ್ ವರ್ಚ್ಯೂ' ಪುಸ್ತಕದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಚದುರಂಗದಲ್ಲಿ ಆಸಕ್ತಿಯಿಲ್ಲದ ಒಂದು ಮಗು. ಆಡಿದರೆ ಮಿಠಾಯಿ, ಗೆದ್ದರೆ ಇನ್ನಷ್ಟು ಮಿಠಾಯಿ ಎಂದು ಆಸೆ ತೋರಿಸಿ ಅದನ್ನು ಆಟಕ್ಕೆ ಕೂರಿಸುತ್ತಾರೆ. ಮಿಠಾಯಿಯೊಂದೇ ಕಾರಣವಾಗಿರುವವರೆಗೆ ಮಗುವಿಗೆ ಮೋಸ ಮಾಡದಿರಲು ಯಾವ ಕಾರಣವೂ ಇಲ್ಲ. ಆದರೆ ಎಂದಾದರೊಂದು ದಿನ ಚದುರಂಗದ ಒಳಗೇ ಇರುವ ಸುಖ, ಅಂದರೆ ಲೆಕ್ಕ ಹಾಕುವ, ಮುಂದಿನ ನಡೆ ಕಾಣುವ ಸುಖ ಅದಕ್ಕೆ ಹತ್ತಬಹುದು. ಆಮೇಲೆ ಮೋಸ ಮಾಡಿದರೆ ಅದು ತನಗೇ ಮಾಡಿಕೊಂಡ ಮೋಸವಾಗುತ್ತದೆ.

ರೋಬೋಟಿಕ್ಸ್ ವಿದ್ಯಾರ್ಥಿಯ ಮಿಠಾಯಿ ಯಾವುದು? ಬಹುಮಾನದ ಹಣ, ಪ್ರಮಾಣಪತ್ರ, ಕಾಲೇಜಿನ ಫ್ಲೆಕ್ಸಿನಲ್ಲಿ ಫೋಟೊ, ಕ್ಯಾಂಪಸ್ ಸಂದರ್ಶನದಲ್ಲಿ ಹೇಳಿಕೊಳ್ಳಲು ಒಂದು ಸಾಲು. ಇವು ಕೆಟ್ಟವಲ್ಲ. ಫೀಸಿನ ಸಾಲ ತೀರಿಸಬೇಕಾದ ಹುಡುಗನಿಗೆ ಆ ಒಂದು ಸಾಲಿನ ಬೆಲೆ ಏನೆಂದು ಹೊರಗಿನವರು ಹಗುರವಾಗಿ ಮಾತಾಡಬಾರದು. ಆದರೆ ಮಿಠಾಯಿಗೆ ಅಡ್ಡದಾರಿಗಳಿವೆ. ಸಿದ್ಧ ರೋಬೋವನ್ನು ಅಂಗಡಿಯಿಂದ ತಂದು ಹೆಸರಿನ ಚೀಟಿ ಅಂಟಿಸಬಹುದು. ಹೋದ ವರ್ಷದವರ ಯಂತ್ರಕ್ಕೆ ಹೊಸ ಬಣ್ಣ ಬಳಿಯಬಹುದು. ಪ್ರೋಗ್ರಾಮನ್ನು ಎಲ್ಲಿಂದಲೋ ಇಳಿಸಿಕೊಂಡು, ಅದು ಏನು ಮಾಡುತ್ತದೆ ಎಂದು ತಿಳಿಯದೆಯೇ ಓಡಿಸಬಹುದು. ಬೇರೆಯವರು ಮಾಡಿದ್ದನ್ನು ಬಳಸುವುದೇ ತಪ್ಪೆಂದಲ್ಲ. ತಾಮ್ರದ ಗಣಿಯಿಂದ ಶುರುಮಾಡಿ ಮೋಟಾರು ಕಟ್ಟುವ ಎಂಜಿನಿಯರ್ ಯಾರೂ ಇಲ್ಲ. ಕೊಂಡು ತಂದದ್ದರಿಂದ ಯಾವ ಕೆಲಸ ತಪ್ಪಿತು, ಆ ಕೆಲಸವೇ ತಾನು ಕಲಿಯಬೇಕಿದ್ದುದಾಗಿತ್ತೆ ಎಂಬುದನ್ನು ನೋಡಬೇಕು.

ಈ ಮೋಸಗಳು ಕಣ್ಣಿಗೆ ಕಾಣುವಂಥವು. ನಿಯಮ ಬರೆದು ತಕ್ಕಮಟ್ಟಿಗೆ ತಡೆಯಬಹುದು. ಇವುಗಳಿಗಿಂತ ಕಷ್ಟದ್ದು ಇನ್ನೊಂದಿದೆ. ಅದರಲ್ಲಿ ಮೋಸವಿಲ್ಲ, ಎಲ್ಲರೂ ಪ್ರಾಮಾಣಿಕರೇ.

ಒಂದು ತಂಡದಲ್ಲಿ ಹನ್ನೆರಡು ಮಂದಿ ಇದ್ದಾರೆ ಎನ್ನಿ. ಒಬ್ಬಳಿಗೆ ಬೆಸುಗೆ ಚೆನ್ನಾಗಿ ಬರುತ್ತದೆ. ಇನ್ನೊಬ್ಬ ಪ್ರೋಗ್ರಾಮಿನಲ್ಲಿ ಗಟ್ಟಿಗ. ಮೂವರಿಗೆ ಯಂತ್ರದ ಕೆಲಸ ಸುಮಾರಾಗಿ ಗೊತ್ತು. ಉಳಿದ ಏಳು ಮಂದಿ ಕಲಿಯಲೆಂದು ಬಂದವರು. ಸ್ಪರ್ಧೆಗೆ ಮೂರು ವಾರ ಉಳಿದಿದೆ. ಮೋಟಾರ್ ಡ್ರೈವರ್ ಬೋರ್ಡಿಗೆ ಬೆಸುಗೆ ಹಾಕಬೇಕು. ಯಾರ ಕೈಗೆ ಕೊಡುತ್ತೀರಿ? ಗೆಲ್ಲಬೇಕೆಂದರೆ ಬರುವವಳ ಕೈಗೆ. ಕಲಿಯಬೇಕೆಂದರೆ ಬಾರದವನ ಕೈಗೆ. ಗೆಲುವಿನ ತರ್ಕ ಕೆಲಸವನ್ನು ಬಲ್ಲವರ ಕಡೆಗೆ ತಳ್ಳುತ್ತದೆ. ಶಿಕ್ಷಣದ ತರ್ಕ ಅರಿಯದವರ ಕಡೆಗೆ. ಎರಡೂ ಏಕಕಾಲಕ್ಕೆ ಪೂರ್ತಿಯಾಗಿ ನೆರವೇರಲಾರವು. ಮೂರು ವಾರ ಇರುವಾಗ ಸಾಮಾನ್ಯವಾಗಿ ಮೊದಲನೆಯದೇ ಗೆಲ್ಲುತ್ತದೆ. ಉಳಿದವರಿಗೆ ಟೀ-ಶರ್ಟ್ ವಿನ್ಯಾಸ, ಪ್ರಾಯೋಜಕರಿಗೆ ಪತ್ರ, ಪಿಪಿಟಿ, ರಾತ್ರಿ ಊಟ ತರುವ ಕೆಲಸ. ಹುಡುಗಿಯರಿದ್ದರೆ ಪಿಪಿಟಿ ಅವರ ಪಾಲಿಗೇ ಬರುವುದು ಹಲವು ಕಡೆ ಮಾತಿಲ್ಲದೆ ನಡೆದುಹೋಗುವ ಸಂಗತಿ. ಕೊನೆಗೆ ಹನ್ನೆರಡು ಪ್ರಮಾಣಪತ್ರಗಳು ಬರುತ್ತವೆ, ಕೌಶಲ ಬೆಳೆದದ್ದು ಐದು ಜನರಲ್ಲಿ. ಅದೂ ಮೊದಲೇ ಬಲ್ಲವರಾಗಿದ್ದ ಐದು ಜನರಲ್ಲಿ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಾರ್ಖಾನೆಯಲ್ಲೂ ಶ್ರಮವಿಭಜನೆ ಇದೆ, ಎಲ್ಲರೂ ಎಲ್ಲವನ್ನೂ ಮಾಡುವುದಿಲ್ಲ. ಇದನ್ನು ಕಲಿಯುವುದೂ ಪ್ರಾಯೋಗಿಕ ಕೌಶಲವಲ್ಲವೆ? ಹೌದು. ಆದರೆ ಕಾರ್ಖಾನೆಯಲ್ಲಿ ತಯಾರಾಗಬೇಕಾದುದು ರೋಬೋ. ಕಾಲೇಜಿನಲ್ಲಿ ತಯಾರಾಗಬೇಕಾದವರು ಮನುಷ್ಯರು. ಕಾರ್ಖಾನೆ ಸಂಬಳ ಕೊಡುತ್ತದೆ, ಕಾಲೇಜು ಫೀಸು ತೆಗೆದುಕೊಳ್ಳುತ್ತದೆ. ಕಲಿಯುವ ಅವಕಾಶಕ್ಕಾಗಿ ಹಣ ಕೊಟ್ಟವನಿಗೆ, ನಿನಗೆ ಬರುವುದಿಲ್ಲ ಹಾಗಾಗಿ ನೀನು ಮುಟ್ಟಬೇಡ ಎನ್ನುವುದು ದಕ್ಷತೆ ಇರಬಹುದು, ನ್ಯಾಯವಲ್ಲ. ಸಂಜೆ ಲಗೋರಿಗೆ ತಂಡ ಆರಿಸುವಾಗ ಕೊನೆಯವರೆಗೆ ಉಳಿದುಬಿಡುವ ಮಗುವನ್ನು ನೆನೆಯಿರಿ. ಗುರಿ ಸರಿಯಿಲ್ಲವೆಂದು ಅದಕ್ಕೆ ಚೆಂಡು ಸಿಗುವುದಿಲ್ಲ, ಚೆಂಡು ಸಿಗದೆ ಗುರಿ ಸರಿಹೋಗುವುದಿಲ್ಲ.

ಇನ್ನೊಂದು ಸರಳ ಲೆಕ್ಕವಿದೆ. ಐವತ್ತು ತಂಡಗಳು ಸ್ಪರ್ಧಿಸಿದರೆ ನಲವತ್ತೊಂಬತ್ತು ಸೋಲುತ್ತವೆ. ಒಂದೇ ಸೋಲಿಗೆ ಹೊರಬೀಳುವ ಪಂದ್ಯಾವಳಿಯಾದರೆ ಮೊದಲ ಸುತ್ತಿನಲ್ಲೇ ಅರ್ಧದಷ್ಟು ತಂಡಗಳು ಮನೆಗೆ ಹೋಗುತ್ತವೆ. ಆರು ತಿಂಗಳ ದುಡಿಮೆ, ಮೂರು ನಿಮಿಷದ ಆಟ. ಸ್ಪರ್ಧೆಯ ಪ್ರಯೋಜನವೆಲ್ಲ ಗೆಲುವಿನಲ್ಲೇ ಇದೆ ಎಂದಾದರೆ ಇದು ನಲವತ್ತೊಂಬತ್ತು ತಂಡಗಳನ್ನು ಬಳಸಿ ಒಂದನ್ನು ಬೆಳಗಿಸುವ ಏರ್ಪಾಡಾಗುತ್ತದೆ. ಶಿಕ್ಷಣ ಎಂಬ ಹೆಸರಿನಲ್ಲಿ ಅದನ್ನು ಸಮರ್ಥಿಸಲಾಗದು. ಹಾಗಾಗಿ ಗೆದ್ದವರನ್ನು ತೋರಿಸಿ ಸ್ಪರ್ಧೆಯನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಮೊದಲ ಸುತ್ತಿನಲ್ಲಿ ಸೋತ ತಂಡದ ಅತ್ಯಂತ ಕಡಿಮೆ ಬಲ್ಲ ಸದಸ್ಯ, ಸ್ಪರ್ಧೆಗೆ ಬರದೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಈಗ ಹೆಚ್ಚು ಬಲ್ಲವನಾಗಿದ್ದಾನೆಯೆ? ಹೌದಾದರೆ ಸ್ಪರ್ಧೆ ಸಮರ್ಥನೀಯ. ಇಲ್ಲವಾದರೆ ಅದು ಬರೀ ಜಾತ್ರೆ.

ಸೋಲಿನಿಂದ ಏನು ಹುಟ್ಟಬಹುದು ಎಂಬುದಕ್ಕೆ ರೋಬೋಟಿಕ್ಸ್ ಚರಿತ್ರೆಯಲ್ಲೇ ದೊಡ್ಡ ಉದಾಹರಣೆಗಳಿವೆ. 2004ರ ಮಾರ್ಚಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಚಾಲಕನಿಲ್ಲದ ವಾಹನಗಳಿಗಾಗಿ ಮೊಹಾವಿ ಮರುಭೂಮಿಯಲ್ಲಿ ಸ್ಪರ್ಧೆ ಇಟ್ಟಿತು. ಬಹುಮಾನ ಹತ್ತು ಲಕ್ಷ ಡಾಲರ್, ದಾರಿ 200 ಕಿಲೋಮೀಟರಿಗೂ ಹೆಚ್ಚು. ಎಲ್ಲರಿಗಿಂತ ದೂರ ಹೋದದ್ದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಾಹನ. ಅದೂ 12 ಕಿಲೋಮೀಟರ್ ಮುಟ್ಟುವ ಮೊದಲೇ ನಿಂತಿತು. ಬಹುಮಾನ ಯಾರಿಗೂ ಸಿಗಲಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಸ್ಪರ್ಧೆ ಮತ್ತೆ ನಡೆದಾಗ ಐದು ವಾಹನಗಳು ಪೂರ್ತಿ ದಾರಿ ಕ್ರಮಿಸಿದವು. ಸ್ಟ್ಯಾನ್‌ಫೋರ್ಡಿನ 'ಸ್ಟ್ಯಾನ್ಲಿ' ಏಳು ಗಂಟೆಯೊಳಗೆ ಗುರಿ ಮುಟ್ಟಿ 20 ಲಕ್ಷ ಡಾಲರ್ ಗೆದ್ದಿತು. 2015ರಲ್ಲಿ, ಫುಕುಶಿಮಾ ದುರಂತದ ಹಿನ್ನೆಲೆಯಲ್ಲಿ ರೂಪುಗೊಂಡ ವಿಪತ್ತು ಪರಿಹಾರ ರೋಬೋಗಳ ಸ್ಪರ್ಧೆಯ ಅಂತಿಮ ಹಂತ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆಯಿತು. ಬಾಗಿಲು ತೆರೆಯುವಾಗ, ಕಾರಿನಿಂದ ಇಳಿಯುವಾಗ ರೋಬೋಗಳು ದಬಾರನೆ ಬೀಳುವ ದೃಶ್ಯಗಳನ್ನು ಜಗತ್ತೆಲ್ಲ ನೋಡಿ ನಕ್ಕಿತು. ಎಂಟೂ ಕೆಲಸಗಳನ್ನು ಮುಗಿಸಿದ್ದು ಮೂರು ತಂಡಗಳು ಮಾತ್ರ. ಆದರೆ ಬಿದ್ದ ಮೇಲೆ ತಾನಾಗಿ ಎದ್ದು ನಿಂತ ಒಂದು ರೋಬೋವೂ ಅಲ್ಲಿತ್ತು. ಆ ಬೀಳುವಿಕೆಗಳಿಂದ, ಎರಡು ಕಾಲಿನ ಮೇಲೆ ಸಮತೋಲನ ಎಷ್ಟು ಕಠಿಣ ಎಂಬುದು ಯಾವ ಪ್ರಬಂಧಕ್ಕಿಂತಲೂ ಸ್ಪಷ್ಟವಾಗಿ ಜನರಿಗೆ ತಿಳಿಯಿತು.

ಆದರೆ ಈ ಕಥೆಗಳನ್ನು ವಿದ್ಯಾರ್ಥಿಗಳ ಮುಂದೆ ಹೇಳುವಾಗ ಒಂದು ಎಚ್ಚರ ಬೇಕು. 2004ರಲ್ಲಿ ಸೋತವರಿಗೆ 2005 ಸಿಕ್ಕಿತು. ಅವರ ಬಳಿ ಪ್ರಯೋಗಾಲಯ, ಹಣ, ಸಮಯ ಇದ್ದವು. ನಾಲ್ಕು ವರ್ಷದಲ್ಲಿ ಕಾಲೇಜು ಮುಗಿಸಿ ಹೋಗುವ ವಿದ್ಯಾರ್ಥಿಗೆ ಎರಡನೇ ಅವಕಾಶ ತಾನಾಗಿ ಬರುವುದಿಲ್ಲ, ಯಾರಾದರೂ ಏರ್ಪಾಡು ಮಾಡಬೇಕು. ಸೋಲೇ ಗೆಲುವಿನ ಮೆಟ್ಟಿಲು ಎಂದು ಭಾಷಣ ಮಾಡುವುದು ಸುಲಭ. ಮೆಟ್ಟಿಲು ಎನ್ನಬೇಕಾದರೆ ಅದರ ಮೇಲೆ ಇನ್ನೊಂದು ಮೆಟ್ಟಿಲು ಇರಬೇಕು. ಸೋತು ಬಂದ ವಾರವೇ ರೋಬೋವನ್ನು ಮೂಲೆಗೆ ತಳ್ಳಿ ಇಂಟರ್ನಲ್ ಪರೀಕ್ಷೆಗೆ ಓಡಬೇಕಾದ ಕಡೆ, ಆ ಸೋಲು ಬರೀ ಸೋಲಾಗಿಯೇ ಉಳಿಯುತ್ತದೆ.

ಈ ಇಕ್ಕಟ್ಟನ್ನು ಸ್ಪರ್ಧೆ ಕಟ್ಟಿದವರೇ ಕೆಲವರು ಗುರುತಿಸಿದ್ದಾರೆ. ಫ್ಲವರ್ಸ್ ಎಲ್ಲರಿಗೂ ಒಂದೇ ಪೆಟ್ಟಿಗೆ ಕೊಟ್ಟದ್ದರಲ್ಲಿ, ಹಣವಂತರ ಯಂತ್ರ ಹಣದ ಬಲದಿಂದಲೇ ಗೆಲ್ಲಬಾರದು ಎಂಬ ನ್ಯಾಯವೂ ಅಡಗಿದೆ. ತೀವ್ರವಾಗಿ ಸೆಣಸುತ್ತಲೇ ಎದುರಾಳಿಯನ್ನು ಗೌರವದಿಂದ, ದಯೆಯಿಂದ ಕಾಣುವ ವೃತ್ತಿಧರ್ಮಕ್ಕೆ ಅವರು 'ಗ್ರೇಷಸ್ ಪ್ರೊಫೆಷನಲಿಸಂ' ಎಂದು ಹೆಸರು ಕೊಟ್ಟರು. ಫಸ್ಟ್ ಸ್ಪರ್ಧೆಯಲ್ಲಿ ಪ್ರತಿ ತಂಡವೂ ಬೇರೆ ತಂಡಗಳೊಂದಿಗೆ ಕೂಟ ಕಟ್ಟಿಕೊಂಡೇ ಆಡಬೇಕು. ಅಲ್ಲಿನ ಅತ್ಯುನ್ನತ ಗೌರವ ಕಣದಲ್ಲಿ ಗೆದ್ದವರಿಗೆ ಮೀಸಲಲ್ಲ, ತನ್ನ ಸುತ್ತಲ ಸಮಾಜದಲ್ಲಿ ಬದಲಾವಣೆ ತಂದ ತಂಡಕ್ಕೆ ಸಲ್ಲುತ್ತದೆ. ಜಪಾನಿನ ತಾಂತ್ರಿಕ ಕಾಲೇಜುಗಳ ರೋಬೋಕಾನ್‌ನಲ್ಲಿ ಚಾಂಪಿಯನ್ ಪಟ್ಟ ಬೇರೆ, 'ರೋಬೋಕಾನ್ ತಾಯ್ಶೋ' ಎಂಬ ಮಹಾಪ್ರಶಸ್ತಿ ಬೇರೆ. ಅದು ಕಲ್ಪನೆಯ ಹೊಸತನಕ್ಕೆ ಸಲ್ಲುವಂಥದು; ಸೋತ ತಂಡಕ್ಕೂ ದಕ್ಕಬಹುದು. 1997ರಲ್ಲಿ ನಗೋಯಾದಲ್ಲಿ ಆರಂಭವಾದ ರೋಬೋಗಳ ಫುಟ್‌ಬಾಲ್ ಸ್ಪರ್ಧೆ 'ರೋಬೋಕಪ್' ಈ ಶತಮಾನದ ನಡುವಿನ ಹೊತ್ತಿಗೆ ಮನುಷ್ಯರ ವಿಶ್ವಕಪ್ ವಿಜೇತರನ್ನೇ ಸೋಲಿಸುವ ರೋಬೋ ತಂಡದ ಕನಸು ಇಟ್ಟುಕೊಂಡಿದೆ. ಅಲ್ಲಿ ಹಲವು ಬಾರಿ ಗೆದ್ದಿರುವ ಜರ್ಮನಿಯ ಬ್ರೆಮೆನ್ನಿನ 'ಬಿ-ಹ್ಯೂಮನ್' ತಂಡ ತನ್ನ ಪ್ರೋಗ್ರಾಮನ್ನು ಪ್ರಕಟಿಸುತ್ತದೆ. ಮುಂದಿನ ಬಾರಿ ಎದುರಾಳಿಗಳು ಅದನ್ನೇ ಓದಿಕೊಂಡು ಬರಬಹುದು. ಗೆಲುವಷ್ಟೇ ಬೇಕಿದ್ದವರು ಹೀಗೆ ಮಾಡಲಾರರು.

ಹಾಗಾದರೆ ಸೋಲು ಗೆಲುವನ್ನೇ ತೆಗೆದುಹಾಕಿ ಎಲ್ಲರಿಗೂ ಒಂದೊಂದು ಪದಕ ಕೊಟ್ಟರಾಗದೆ? ಆಗದು. ಸೋತರೂ ಏನೂ ಅನಿಸದ ಕಡೆ ಯಾರೂ ರಾತ್ರಿ ಎರಡು ಗಂಟೆಗೆ ಎದ್ದು ಬೇರಿಂಗ್ ಬದಲಿಸುವುದಿಲ್ಲ. ನಮ್ಮ ತಾಳಮದ್ದಲೆಯನ್ನು ನೋಡಿ. ಕರ್ಣ ಯುದ್ಧದಲ್ಲಿ ಮಡಿಯುತ್ತಾನೆ ಎಂಬುದು ಅರ್ಥಧಾರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಆದರೂ ಕರ್ಣನ ಪಾತ್ರಧಾರಿ ಮಾತಿನಲ್ಲಿ ಒಂದಿಂಚೂ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಟ್ಟರೆ ಎದುರಿನವನ ಅರ್ಥಗಾರಿಕೆಯೂ ಸಪ್ಪೆಯಾಗುತ್ತದೆ. ಎದುರಾಳಿಯನ್ನು ಪೂರ್ತಿ ಶಕ್ತಿಯಿಂದ ಎದುರಿಸುವುದು ಅವನಿಗೆ ಸಲ್ಲಿಸುವ ಗೌರವವೂ ಹೌದು. ಗೆಲ್ಲುವ ಆಸೆ ಪ್ರಾಮಾಣಿಕವಾಗಿರಬೇಕು. ಆದರೆ ಏರ್ಪಾಡು ಮಾಡುವವರು ಆ ಆಸೆಯ ಮೇಲೆ ಎಲ್ಲವನ್ನೂ ಪಣಕ್ಕಿಡಬಾರದು.

ಈ ಹೊಣೆ ಮೂವರಲ್ಲಿ ಹಂಚಿಹೋಗುತ್ತದೆ. ಸ್ಪರ್ಧೆ ನಡೆಸುವವರು ಒಂದೇ ಪಂದ್ಯಕ್ಕೆ ತಂಡವನ್ನು ಮನೆಗೆ ಕಳಿಸದೆ ಎಲ್ಲರಿಗೂ ಹಲವು ಆಟ ಸಿಗುವಂತೆ ಮಾಡಬಹುದು. ತಂಡದ ಯಾವುದೇ ಸದಸ್ಯನನ್ನು ಕರೆದು ಈ ಭಾಗ ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿ, ಉತ್ತರಕ್ಕೂ ಅಂಕ ಕೊಡಬಹುದು. ಆಗ ಬಲ್ಲವರು ಉಳಿದವರಿಗೆ ಕಲಿಸದೆ ಗೆಲ್ಲಲಾರರು. ಕಾಲೇಜು, ಸೋತು ಬಂದ ತಂಡ ತನ್ನ ಯಂತ್ರ ಎಲ್ಲಿ ಕೆಟ್ಟಿತೆಂದು ಕಿರಿಯರ ಮುಂದೆ ವಿವರಿಸಲು ಒಂದು ಮಧ್ಯಾಹ್ನವನ್ನಾದರೂ ಇಟ್ಟುಕೊಡಬಹುದು. ಮುಂದಿನ ವರ್ಷದವರ ಎರಡನೇ ಅವಕಾಶ ಅಲ್ಲಿಂದಲೇ ಆರಂಭವಾಗುತ್ತದೆ. ಮೂರನೆಯವರು ವಿದ್ಯಾರ್ಥಿಗಳೇ. ಅದರಲ್ಲೂ ತಂಡದ ಬಲ್ಲವರು.

ಈ ಕೊನೆಯ ಮಾತೇ ಎಲ್ಲಕ್ಕಿಂತ ಕಷ್ಟದ್ದು. ಮೂರು ನಿಮಿಷದಲ್ಲಿ ತಾನು ಮುಗಿಸಬಹುದಾದ ಬೆಸುಗೆಯನ್ನು ಇನ್ನೊಬ್ಬ ಅರ್ಧ ಗಂಟೆ ಹೆಣಗುವುದನ್ನು ಕೈಕಟ್ಟಿ ನೋಡುತ್ತ ನಿಲ್ಲಲು ಬಹಳ ಸಂಯಮ ಬೇಕು. ಕಬ್ಬಿಣ ಅವನ ಕೈಯಲ್ಲಿ ನಡುಗುತ್ತದೆ, ಸೀಸ ಗೋಲಿಯಂತೆ ಉರುಳುತ್ತದೆ, ಒಂದು ಬೋರ್ಡು ಹಾಳೂ ಆಗಬಹುದು. ಅದರ ಬೆಲೆಯನ್ನು ತಂಡ ಮೊದಲೇ ಲೆಕ್ಕಕ್ಕೆ ಹಿಡಿದಿಟ್ಟುಕೊಂಡಿರಬೇಕು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತೇವೆ, ಯಾರ ಕೈಗೆ ಕೆಸರಾಗುವ ಅವಕಾಶ ಸಿಕ್ಕಿತು ಎಂದು ಕೇಳುವುದು ಕಡಿಮೆ. ಮುಂದಿನ ಬಾರಿ ನಿಮ್ಮ ಕಾಲೇಜಿನ ತಂಡ ಟ್ರೋಫಿ ಹಿಡಿದು ನಿಂತ ಫೋಟೊ ಕಂಡಾಗ, ಅಥವಾ ಬರಿಗೈಯಲ್ಲಿ ಮರಳಿದ್ದನ್ನು ಕಂಡಾಗ, ಫೋಟೊದ ಅಂಚಿನಲ್ಲಿ ನಿಂತವರನ್ನು ಮಾತಾಡಿಸಿ. ರೋಬೋದ ಯಾವ ಭಾಗ ನಿಮ್ಮದು ಎಂದು ಕೇಳಿ. ಆ ಸ್ಪರ್ಧೆ ನಡೆಸಿದ್ದು ಸರಿಯೇ ತಪ್ಪೇ ಎಂಬುದಕ್ಕೆ ಅವರ ಉತ್ತರ ಸಾಕು.